ದವಡೆಗೆ ಹೋದ ಕಾಲಿನ ಎಲುಬು

ಸಿಂಧನೂರು ಬಸ್ ನಿಲ್ದಾಣದ ಹೋಟೆಲಿನಲ್ಲಿ ಮಿರ್ಚಿ ಕಚ್ಚಿದಾಗ ಬಲಗಡೆಯ ಕೆಳಗಿನ ದವಡೆಹಲ್ಲು ಅಲುಗಾಡಿತು.

ನೋವಿರಲಿಲ್ಲ. ನೋವಿದ್ದಿದ್ದರೆ ಅವತ್ತೇ ಯಾರಿಗಾದರೂ ತೋರಿಸುತ್ತಿದ್ದೆನೇನೋ. ನಾಲಿಗೆಯಿಂದ ಹಲ್ಲನ್ನು ತಳ್ಳಿ ನೋಡಿದೆ. ಅದು ತನ್ನ ಜಾಗ ಬಿಟ್ಟು ಕೆನ್ನೆಯ ಕಡೆಗೆ ವಾಲಿತ್ತು. ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆದರು. ಚೀಲ ಹೆಗಲಿಗೆ ಹಾಕಿಕೊಂಡು ಓಡಿದೆ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗಿ ಬರುವುದು ನನ್ನ ಡ್ಯೂಟಿ. ತವರು ಮಸ್ಕಿ. ಮನೆ ಲಿಂಗಸುಗೂರು, ಅಲ್ಲಿಯ ತಾಲ್ಲೂಕು ಕಚೇರಿಯಲ್ಲಿ ನನ್ನ ಗಂಡ ಆನಂದ ಗುಮಾಸ್ತರು. ಮಗಳು ಪ್ರಜ್ಞಾ ವಸತಿ ಶಾಲೆಯಲ್ಲಿ ಓದುತ್ತಾಳೆ. ಹೀಗೆ ನನ್ನ ಸಂಸಾರ, ನೌಕರಿ, ತವರು ಎಲ್ಲ ಒಂದೇ ರಸ್ತೆಯ ಮೇಲಿದ್ದವು. ಆ ರಸ್ತೆಯಲ್ಲಿ ದಿನವಿಡೀ ನಿಂತೇ ಇರುತ್ತಿದ್ದೆ, ದಿನವಿಡೀ ಕೂಗುತ್ತಿದ್ದೆ.

ಕೆನ್ನೆ ಊದಿದ್ದನ್ನು ಮೊದಲು ಕಂಡವಳು ಅವ್ವ. ನನ್ನ ಬಸ್ಸು ಮಸ್ಕಿಯಲ್ಲಿ ನಿಂತಾಗ ಆಕೆ ಕೆಲವೊಮ್ಮೆ ಬುತ್ತಿ ತಂದು ಕಿಟಕಿಯಲ್ಲಿ ಕೊಡುತ್ತಿದ್ದಳು. ಅಂದು ಬುತ್ತಿ ಕೊಡದೆ ನನ್ನ ಮುಖವನ್ನೇ ನೋಡುತ್ತ ನಿಂತಳು.

"ಗಲ್ಲ ಯಾಕ ಬಾತೈತಿ?"

"ಹಲ್ಲು ಅಳ್ಳಾಡಾಕತ್ತೈತಿಬೇ. ಅದಕ್ಕಿರಬೇಕು."

"ಹಲ್ಲಿನ ಬಾವು ಹಿಂಗಿರಂಗಿಲ್ಲ. ನಾಳಿಗೇ ತೋರ್ಸು."

ನಾಳೆಗೆ ತೋರಿಸಲಿಲ್ಲ. ರಜೆ ಸಿಕ್ಕ ಮೇಲೆ ಹೋದೆ. ಸಿಂಧನೂರಿನ ಹಲ್ಲಿನ ಡಾಕ್ಟರು ಹಲ್ಲು ಕೀಳುತ್ತಾರೆ ಅಂದುಕೊಂಡಿದ್ದೆ. ಅವರು ಇಕ್ಕಳ ಮುಟ್ಟಲಿಲ್ಲ. ದವಡೆಯನ್ನು ಹೊರಗಿನಿಂದ ಒತ್ತಿ ನೋಡಿ, ಇಡೀ ಬಾಯಿಯ ಎಕ್ಸ್‌ರೇ ತೆಗೆಸಿದರು. ಅದನ್ನು ಬೆಳಕಿಗೆ ಹಿಡಿದಾಗ ಎಡದವಡೆ ಬೆಳ್ಳಗೆ, ಗಟ್ಟಿಯಾಗಿ ಕಾಣುತ್ತಿತ್ತು. ಬಲಗಡೆ ಎಲುಬಿನ ಜಾಗದಲ್ಲಿ ಸಾಬೂನಿನ ನೊರೆಯಂತೆ ಗುಳ್ಳೆ, ಗುಳ್ಳೆ, ಗುಳ್ಳೆ.

"ಇದು ನನ್ನ ಕೈಯಾಗಿನ ಕೆಲಸ ಅಲ್ಲರೀ ಅಕ್ಕಾರ," ಎಂದರು.

ರಾಯಚೂರಿನಲ್ಲಿ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಅಲ್ಲಿಂದ ಹೈದರಾಬಾದಿನ ಒಂದು ದೊಡ್ಡ ಆಸ್ಪತ್ರೆಗೆ ಹೋಗಲು ಹೇಳಿದರು. ಅಲ್ಲಿ ಸಿಕ್ಕವರು ಬಳ್ಳಾರಿಯ ಕಡೆಯ ಒಬ್ಬ ಸರ್ಜನ್, ನನಗಿಂತ ಸ್ವಲ್ಪ ದೊಡ್ಡವರಿರಬಹುದು. ಕನ್ನಡ ಕೇಳಿದ ಕೂಡಲೇ ಅವ್ವ ಅವರನ್ನು "ಡಾಕ್ಟರಮ್ಮ" ಎಂದು ಕರೆಯತೊಡಗಿದಳು. ನಾವೂ ಹಾಗೇ ಕರೆದೆವು.

"ಇದು ಕ್ಯಾನ್ಸರ್ ಅಲ್ಲ ಸುಜಾತಾ," ಎಂದು ಡಾಕ್ಟರಮ್ಮ ಮೊದಲು ಹೇಳಿದರು. ಆನಂದ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. "ಅಮೆಲೋಬ್ಲಾಸ್ಟೋಮಾ ಅಂತೀವಿ. ಹಲ್ಲು ಹುಟ್ಟೋ ಜಾಗದಾಗ ಬೆಳೆಯೋ ಗಡ್ಡೆ. ನೀವೇನೋ ತಿಂದಿದ್ದಕ್ಕ, ಬಿಟ್ಟಿದ್ದಕ್ಕ ಬಂದಿದ್ದಲ್ಲ. ಆದರ ಸುಮ್ಮನೆ ಬಿಟ್ಟರ ಎಲುಬು ತಿನ್ಕೊಂತ ಹೋಗ್ತದ. ಕೆರೆದು ತೆಗೆದರ ಮತ್ತ ಬರ್ತದ."

"ಹಂಗಾದ್ರ?" ಎಂದರು ಆನಂದ.

ಬಲಗಡೆಯ ಕೆಳದವಡೆಯನ್ನೇ ಕತ್ತರಿಸಿ ತೆಗೆಯಬೇಕು.

ನನಗೆ ಏನೂ ಅನಿಸಲಿಲ್ಲ. ಅಳು ಬರಲಿಲ್ಲ, ಎದೆ ಹೊಡೆದುಕೊಳ್ಳಲಿಲ್ಲ. ಅವರ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ತಲೆಬುರುಡೆಯೊಂದಿತ್ತು. ಅದರ ಕೆಳದವಡೆಗೆ ಸ್ಪ್ರಿಂಗ್ ಹಾಕಿದ್ದರು. ಆ ಸ್ಪ್ರಿಂಗಿಗೆ ತುಕ್ಕು ಹಿಡಿದಿದೆಯಲ್ಲ ಎಂದು ನೋಡುತ್ತ ಕುಳಿತಿದ್ದೆ.

ದವಡೆ ಇಲ್ಲದೆ ಊಟ ಹೇಗೆ, ಮಾತು ಹೇಗೆ ಎಂದು ಆನಂದ ಕೇಳುತ್ತಿದ್ದರು. ಡಾಕ್ಟರಮ್ಮ ಎದ್ದು ಬಂದು ನನ್ನ ಕಾಲಿನ ಹತ್ತಿರ ಕುಳಿತರು. ಸೀರೆ ತುಸು ಮೇಲೆತ್ತಲು ಹೇಳಿ, ಮೊಣಕಾಲಿನ ಕೆಳಗೆ ಹೊರಮಗ್ಗುಲನ್ನು ಬೆರಳಿನಿಂದ ಒತ್ತಿದರು.

"ಮೊಣಕಾಲಿನ ಕೆಳಗ ಎರಡು ಎಲುಬು. ಮೈ ಭಾರ ಹೊರೋದು ಒಳಗಿನ ದಪ್ಪಂದು. ಹೊರಗಿನ ಈ ಸಣ್ಣ ಎಲುಬು ಫಿಬ್ಯುಲಾ. ಕೆಳಗ ಪಾದದ ಹರಡಿನ ಹತ್ರ, ಮ್ಯಾಲ ಮೊಣಕಾಲಿನ ಹತ್ರ ಸ್ವಲ್ಪ ಬಿಟ್ಟು ನಡುವಿಂದು ತೆಗೀತೀವಿ. ತುಂಡು ಮಾಡಿ, ದವಡೆ ಬಾಗಿದ ಹಂಗ ಜೋಡಿಸಿ ಪ್ಲೇಟ್ ಹಾಕ್ತೀವಿ."

"ಕಾಲಾಗಿನ ಎಲುಬು ಬಾಯಾಗ ಬದುಕ್ತೈತೇನ್ರೀ?" ಎಂದು ಅವ್ವ ಕೇಳಿದಳು.

"ಬರೇ ಎಲುಬು ಇಟ್ಟರ ಬದುಕಲ್ಲಮ್ಮ. ಅದಕ್ಕ ರಕ್ತ ಕೊಡೋ ನಾಳ ಸಮೇತ ತೆಗೀಬೇಕು. ಆ ನಾಳನ ಕುತ್ತಿಗಿಯೊಳಗಿನ ನಾಳಕ್ಕ ಹೊಲೀತೀವಿ. ಕೂದಲಿಗಿಂತ ಸಣ್ಣ ದಾರ, ಮೈಕ್ರೋಸ್ಕೋಪಿನ್ಯಾಗ ನೋಡಿ ಹೊಲೀಬೇಕು."

ಆಮೇಲೆ ನನ್ನ ಕಾಲಿನ ಮೇಲೆಯೇ ಬೆರಳು ಎಳೆದು ತೋರಿಸಿದರು. ತೊಡೆಯಿಂದ ಬರುವ ದೊಡ್ಡ ರಕ್ತನಾಳ ಮೊಣಕಾಲಿನ ಹಿಂದೆ ದಾಟಿ ಮೂರಾಗಿ ಒಡೆಯುತ್ತದೆ. ಒಂದು ಮುಂದೆ ಬಂದು ಪಾದದ ಮೇಲಕ್ಕೆ ಇಳಿಯುತ್ತದೆ. ಇನ್ನೊಂದು ಹಿಂದಿನಿಂದ, ಹರಡಿನ ಒಳಮಗ್ಗುಲಲ್ಲಿ ಹಾದು ಅಂಗಾಲಿಗೆ ಹೋಗುತ್ತದೆ. ಮೂರನೆಯದು ಪೆರೋನಿಯಲ್ ಆರ್ಟರಿ. ಮೀನಖಂಡದ ಆಳದಲ್ಲಿ ಫಿಬ್ಯುಲಾಕ್ಕೆ ಅಂಟಿಕೊಂಡು ಇಳಿದು, ಸಾಮಾನ್ಯವಾಗಿ ಹಿಮ್ಮಡಿಯ ಹತ್ತಿರ ಮುಗಿದುಹೋಗುತ್ತದೆ. ಮೊದಲೆರಡು ಚೆನ್ನಾಗಿದ್ದರೆ ಮೂರನೆಯದನ್ನು ತೆಗೆದರೂ ಪಾದಕ್ಕೆ ರಕ್ತದ ಕೊರತೆಯಾಗುವುದಿಲ್ಲ.

"ಹಂಗಾದ್ರ ತೆಗೀರಿ," ಎಂದೆ. ಬೇರೆಯವರ ಕಾಲಿನ ಬಗ್ಗೆ ಹೇಳಿದಂತಿತ್ತು ನನ್ನ ದನಿ.

ಅವರು ಎರಡೂ ಪಾದದ ನಾಡಿ ಹಿಡಿದು ನೋಡಿದರು. "ಬಡೀತದ. ಎಡಗಾಲು ತಗೋಬೇಕಂತ ಮಾಡೀನಿ. ಆದರ ಮೊದಲು ಎರಡೂ ಕಾಲಿನ ಸಿಟಿ ಆಂಜಿಯೋ, ಅಂದರ ರಕ್ತನಾಳದ ಸ್ಕ್ಯಾನ್ ಆಗ್ಲಿ."

ಕೈಗೆ ಸೂಜಿ ಚುಚ್ಚಿ ಔಷಧಿ ಬಿಟ್ಟಾಗ ಮೈಯೆಲ್ಲ ಬಿಸಿಯಾಯಿತು. ಅಷ್ಟೇ. ಮರುದಿನ ಡಾಕ್ಟರಮ್ಮ ನಮ್ಮನ್ನು ಒಳಗೆ ಕರೆದು ಕಂಪ್ಯೂಟರ್ ನಮ್ಮ ಕಡೆಗೆ ತಿರುಗಿಸಿದರು. ಕಪ್ಪು ಪರದೆಯ ಮೇಲೆ ನನ್ನ ಎರಡೂ ಕಾಲುಗಳ ರಕ್ತನಾಳಗಳು ಬೆಳ್ಳಗೆ ಬೇರಿನಂತೆ ಇಳಿಬಿದ್ದಿದ್ದವು. ಬಲಗಾಲಿನಲ್ಲಿ ಅವರು ಹೇಳಿದ ಮೂರೂ ಇದ್ದವು. ಎಡಗಾಲಿನಲ್ಲಿ ಹಿಂದಿನಿಂದ ಬರಬೇಕಾದ ನಾಳ ನೂಲಿನಂತೆ ಸಣ್ಣಗೆ ಶುರುವಾಗಿ, ಮೀನಖಂಡದ ನಡುವೆ ಇಲ್ಲವಾಗಿತ್ತು. ಅದರ ಬದಲು ಪೆರೋನಿಯಲ್ ಆರ್ಟರಿಯೇ ದಪ್ಪಗೆ ಕೆಳಗಿಳಿದು, ಒಳಗಡೆ ಹೊರಳಿ ಅಂಗಾಲನ್ನು ಸೇರಿತ್ತು.

"ಹುಟ್ಟಿದಾಗಿಂದ ಹಿಂಗೇ ಇದೆ. ಕೆಲವರಿಗೆ ಹಿಂಗಿರ್ತದ," ಎಂದರು. "ನೋಡದೇ ಈ ಕಾಲಿಗೆ ಕೈ ಹಾಕಿದ್ದರ..."

"ಏನಾಗ್ತಿತ್ರೀ?" ಎಂದಳು ಅವ್ವ.

"ಪಾದ ಉಳಿಯೋದು ಕಷ್ಟ ಇತ್ತಮ್ಮ."

ಆನಂದರಿಗೆ ನಂಬಿಕೆ ಬರಲಿಲ್ಲ. "ನಾಡಿ ಹಿಡಿದು ನೋಡಿದ್ರಲ್ರೀ ಮೇಡಂ? ಎರಡೂ ಕಾಲಾಗ ಬಡಿಯಾಕತ್ತೈತಿ ಅಂದ್ರಿ."

"ಬಡೀತಿತ್ತು. ಆದರ ಆ ರಕ್ತ ಯಾವ ದಾರೀಲಿ ಬಂತು ಅಂತ ನಾಡಿ ಹೇಳಲ್ಲ."

ಆ ಎಡಗಾಲಿನ ಮೇಲೆ ಭಾರ ಹಾಕಿ, ಸೀಟಿಗೆ ಸೊಂಟ ಆನಿಸಿ, ಎಷ್ಟು ವರ್ಷ ಟಿಕೆಟ್ ಹರಿದಿದ್ದೆ. ಒಳಗೆ ಒಂದು ನಾಳ ತನ್ನ ಕೆಲಸದ ಜೊತೆಗೆ ಇನ್ನೊಂದರ ಕೆಲಸವನ್ನೂ ಮಾಡುತ್ತಿದ್ದುದು ನನಗೆ ತಿಳಿದಿರಲಿಲ್ಲ. ದವಡೆಗೆ ಗಡ್ಡೆ ಬರದಿದ್ದರೆ ಸಾಯುವ ತನಕ ತಿಳಿಯುತ್ತಲೂ ಇರಲಿಲ್ಲ. ಮೈ ನನ್ನದೇ ಆದರೂ ಅದರ ಬಗ್ಗೆ ನನಗೆ ಗೊತ್ತಿದ್ದದ್ದು ಬಹಳ ಕಡಿಮೆ ಎಂದು ಆ ಪರದೆಯ ಮುಂದೆ ಅನಿಸಿತು. ಹೆದರಿಕೆಯಲ್ಲ. ಬಾಡಿಗೆ ಮನೆಯಲ್ಲಿ ಇಷ್ಟು ದಿನ ಇದ್ದೂ ಒಂದು ಕೋಣೆಯ ಬಾಗಿಲು ತೆರೆದೇ ನೋಡಿರಲಿಲ್ಲ ಅನ್ನುವಂಥ ಭಾವ.

ಹಾಗಾಗಿ ಬಲಗಾಲು. ಅದೊಂದೇ. ಅದು ಬಾಯಲ್ಲಿ ಹಿಡಿಯದಿದ್ದರೆ ಎಡಗಾಲಿನಿಂದ ಇನ್ನೊಮ್ಮೆ ಪ್ರಯತ್ನಿಸುವಂತಿರಲಿಲ್ಲ.

ಹೊರಗೆ ಬರುವಾಗ ಅವ್ವ ಬಾಗಿಲಲ್ಲಿ ತಿರುಗಿ ನಿಂತಳು. "ಡಾಕ್ಟರಮ್ಮ, ನನ್ನ ಕಾಲು ತಗೋರಿ. ನಾ ಎಲ್ಲಿಗೆ ಹೋಗಾಕಿ ಈಗ? ಆಕಿ ದಿನಾ ನಿಂತು ದುಡೀಬೇಕು."

"ಆಗಲ್ಲಮ್ಮ. ನಿಮ್ಮದು ಆಕೀಗೆ ಹಿಡಿಯಲ್ಲ. ಆಕೀದೇ ಬೇಕು."

ಅವ್ವ ಏನೋ ಅವಮಾನವಾದವಳಂತೆ ತಲೆತಗ್ಗಿಸಿ ಹೊರಗೆ ನಡೆದಳು. ಆಸ್ಪತ್ರೆಯ ಮೆಟ್ಟಿಲಲ್ಲಿ ಕುಳಿತು ತನ್ನ ಮೊಣಕಾಲನ್ನು ಸವರಿಕೊಳ್ಳುತ್ತಿದ್ದಳು. ಅವಳನ್ನು ಸಮಾಧಾನ ಮಾಡಬೇಕಿತ್ತು. ನಾನು ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ.

ಆಪರೇಷನ್ ಬೆಳಿಗ್ಗೆ ಶುರುವಾಗಿ ಸಂಜೆ ಮುಗಿಯಿತಂತೆ. ಒಂದು ತಂಡ ದವಡೆಯ ಹತ್ತಿರ, ಇನ್ನೊಂದು ಕಾಲಿನ ಹತ್ತಿರ. ನನಗೆ ಗೊತ್ತಿರುವುದು ಐಸಿಯುನಲ್ಲಿ ಕಣ್ಣು ಬಿಟ್ಟದ್ದು ಮಾತ್ರ.

ಮಾತು ಇರಲಿಲ್ಲ.

ಹೀಗಾಗುತ್ತದೆ ಎಂದು ಮೊದಲೇ ಹೇಳಿದ್ದರು. ಉಸಿರಾಟಕ್ಕೆ ಕುತ್ತಿಗೆಯಲ್ಲಿ ತೂತು ಮಾಡಿ ನಳಿಕೆ ಇಟ್ಟಿದ್ದರು. ಮೂಗಿನಲ್ಲಿ ಊಟದ ನಳಿಕೆ. ಬಲಗಾಲಿಗೆ ಮೊಣಕಾಲಿನ ತನಕ ಕಟ್ಟು. ಕೆಳತುಟಿಯ ಬಲಭಾಗ, ಗದ್ದ ಎರಡೂ ಇಲ್ಲವೇ ಇಲ್ಲ ಅನಿಸುತ್ತಿತ್ತು. ಕೈಯಿಂದ ಮುಟ್ಟಿದರೆ ಬೆರಳಿಗೆ ಗದ್ದ ಸಿಗುತ್ತಿತ್ತು, ಗದ್ದಕ್ಕೆ ಬೆರಳು ಸಿಗುತ್ತಿರಲಿಲ್ಲ. ದವಡೆಯ ಜೊತೆ ಅದರೊಳಗಿನ ನರವೂ ಹೋಗಿತ್ತು. ಪಾದದ ಮೇಲ್ಭಾಗವೂ ಹಾಗೇ ಜೋಮು ಹಿಡಿದಂತೆ ಮರಗಟ್ಟಿತ್ತು.

ಎಲುಬಿನ ಜೊತೆ ಕಾಲಿನ ಒಂದು ತುಂಡು ಚರ್ಮವನ್ನೂ ತಂದು ಬಾಯಿಯೊಳಗೆ ಹೊಲಿದಿದ್ದರು. ಒಳಗಿನ ಎಲುಬು ಬದುಕಿದೆಯೋ ಇಲ್ಲವೋ ಎಂದು ಹೇಳುವುದು ಆ ಚರ್ಮ. ನರ್ಸ್ ಮತ್ತೆ ಮತ್ತೆ ಬಂದು ಟಾರ್ಚ್ ಬಿಟ್ಟು ಅದರ ಬಣ್ಣ ನೋಡುತ್ತಿದ್ದಳು. ಡಾಪ್ಲರ್ ಎಂಬ ಪೆನ್ನಿನಂಥದ್ದನ್ನು ಇಟ್ಟು ಆಲಿಸುತ್ತಿದ್ದಳು. ಯಾರೋ ಮೊರದಲ್ಲಿ ಜೋಳ ಕೇರುತ್ತಿರುವಂತೆ ಷ್, ಷ್, ಷ್ ಎಂದು ಸದ್ದು ಬರುತ್ತಿತ್ತು. ಅದು ಕೇಳಿದಾಗ ಆಕೆ ತೆಲುಗಿನಲ್ಲಿ "ಬಾಗುಂದಿ ಅಕ್ಕ" ಎನ್ನುತ್ತಿದ್ದಳು. ಚೆನ್ನಾಗಿದೆ ಎಂದು.

ಪ್ರಜ್ಞಾಳಿಗೆ ಶಾಲೆಯಿಂದ ಫೋನ್ ಮಾಡಲು ಬಿಟ್ಟಿದ್ದರು. ಆನಂದ ಸ್ಪೀಕರ್ ಹಾಕಿ ಫೋನನ್ನು ನನ್ನ ಕಿವಿಯ ಹತ್ತಿರ ಹಿಡಿದರು.

"ಮಮ್ಮಿ, ಮಾತಾಡ."

ನಾನು ಉಗುರಿನಿಂದ ಫೋನಿನ ಮೇಲೆ ಟಕ್ ಎಂದು ಬಡಿದೆ.

"ಪಪ್ಪಾ, ಏನೋ ಸಪ್ಪಳ ಬರಾಕತ್ತೈತಿ."

"ಅದು ನಿಮ್ಮಮ್ಮನೇ. ಬಾಯಿಗೆ ಪಟ್ಟಿ ಹಾಕ್ಯಾರ. ನೀ ಮಾತಾಡು, ಆಕಿ ಕೇಳ್ತಾಳ."

ಅವಳು ಕ್ಲಾಸಿನ ಜಗಳ, ಸಾರಿನ ರುಚಿ, ಕಳೆದುಹೋದ ಚಪ್ಪಲಿ ಎಲ್ಲ ಹೇಳಿದಳು. ನಾನು ನಡುನಡುವೆ ಬಡಿಯುತ್ತಿದ್ದೆ. ಕೊನೆಗೆ ಅವಳೂ ಆ ಕಡೆಯಿಂದ ಟಕ್ ಎಂದು ಬಡಿದು ಇಟ್ಟಳು. ಆಗಲೂ ಕಣ್ಣಲ್ಲಿ ನೀರು ಬರಲಿಲ್ಲ. ನನಗೆ ಏನಾಗಿದೆ ಎಂದು ಆಶ್ಚರ್ಯವಾಯಿತು. ಗದ್ದದ ನರದ ಜೊತೆ ಇನ್ನೇನನ್ನೋ ತೆಗೆದುಬಿಟ್ಟರೇ?

ಮರುದಿನ ಮಧ್ಯಾಹ್ನ ನರ್ಸ್ ಟಾರ್ಚ್ ಬಿಟ್ಟವಳು "ಬಾಗುಂದಿ" ಎನ್ನಲಿಲ್ಲ. ಇನ್ನೊಮ್ಮೆ ನೋಡಿದಳು. ಸಣ್ಣ ಸೂಜಿಯಿಂದ ಆ ಚರ್ಮವನ್ನು ಚುಚ್ಚಿದಳು. ನನಗೆ ಗೊತ್ತಾಗಲಿಲ್ಲ. ಆಕೆಯ ಕೈಯಲ್ಲಿದ್ದ ಬಿಳಿ ಗಾಜ್ ಬಟ್ಟೆಯ ತುಂಡು ಮಾತ್ರ ಕಂಡಿತು. ಅದರ ಮೇಲಿನ ರಕ್ತ ಕೆಂಪಗಿರಲಿಲ್ಲ. ನೇರಳೆ ಹಣ್ಣಿನ ಬಣ್ಣದ್ದಾಗಿತ್ತು.

ಡಾಕ್ಟರಮ್ಮ ಓಡಿಬಂದರು. ಊಟದ ನಡುವೆ ಎದ್ದು ಬಂದಿದ್ದರೇನೋ, ಕೈ ಒದ್ದೆಯಾಗಿತ್ತು. ನೋಡಿದವರೇ ಆನಂದರನ್ನು ಒಳಗೆ ಕರೆಸಿದರು.

"ಆರ್ಟರಿ ಚೆನ್ನಾಗಿದೆ. ರಕ್ತ ಒಳಗ ಹೋಗ್ತಿದೆ. ವಾಪಸ್ ಬರೋ ನಾಳದಾಗ ಗಟ್ಟಿ ಕಟ್ಟಿರಬೇಕು, ಹೊರಗ ಬರ್ತಿಲ್ಲ. ಈಗಲೇ ತೆರೆದು ನೋಡಬೇಕು. ತಡ ಆದರ ಎಲುಬು ಸಾಯ್ತದ."

"ಸತ್ರ?" ಎಂದರು ಆನಂದ.

ಯಾರೂ ಉತ್ತರ ಕೊಡುವ ಮೊದಲು ನಾನು ಕೈ ಆಡಿಸಿ ಪೆನ್ನು ಕೇಳಿದೆ. ನರ್ಸ್ ಹಲಗೆಯ ಮೇಲೆ ಹಾಳೆ ಇಟ್ಟು ಹಿಡಿದಳು. "ಎಡಗಾಲು ಮುಟ್ಟಬೇಡಿ" ಎಂದು ಬರೆದೆ. ಅಕ್ಷರ ಒಂದರ ಮೇಲೊಂದು ಬಿದ್ದಿದ್ದವು. ಮುಖ ಹೇಗಾದರೂ ಇರಲಿ, ಮಾತು ತೊದಲಿದರೆ ತೊದಲಲಿ, ನಡೆಯುವುದು ಉಳಿಯಲಿ ಎಂಬ ಲೆಕ್ಕ ನನ್ನೊಳಗೆ ಯಾವಾಗ ಆಗಿತ್ತೋ ನನಗೇ ಗೊತ್ತಿಲ್ಲ.

ಡಾಕ್ಟರಮ್ಮ ಓದಿದರು. ನನ್ನ ಎಡಪಾದದ ಮೇಲೆ ಕೈಯಿಟ್ಟರು. "ಮುಟ್ಟಲ್ಲ. ನಾ ಮಾತು ಕೊಡ್ತೀನಿ."

ಆ ಕಾಲಿಗೆ ಆ ಕೈಯ ಬಿಸಿ ಪೂರ್ತಿ ತಿಳಿಯಿತು.

ಮಂಚವನ್ನು ತಳ್ಳಿಕೊಂಡು ಹೋಗುವಾಗ ಕಾರಿಡಾರಿನ ತುದಿಯಲ್ಲಿ ಅವ್ವ ನಿಂತಿದ್ದಳು. ಬುದ್ಧನ ಮುಂದೆ ಪಂಚಶೀಲ ಹೇಳುವಾಗಿನಂತೆ ಎರಡೂ ಕೈ ಜೋಡಿಸಿದ್ದಳು, ತುಟಿ ಮಾತ್ರ ಅಲುಗುತ್ತಿರಲಿಲ್ಲ. ಆನಂದ ಬಾಗಿಲಿನ ತನಕ ಮಂಚದ ಸರಳು ಹಿಡಿದುಕೊಂಡು ಬಂದರು.

ರಕ್ತ ಗಟ್ಟಿ ಕಟ್ಟಿದ್ದ ಭಾಗವನ್ನು ಕತ್ತರಿಸಿ ತೆಗೆದು, ಕುತ್ತಿಗೆಯಲ್ಲಿ ಬೇರೊಂದು ನಾಳಕ್ಕೆ ಹೊಲಿದರು. ನನಗೆ ಎಚ್ಚರವಾದಾಗ ಅದೇ ನರ್ಸ್ ಬಾಯಿಯ ಹತ್ತಿರ ಬಗ್ಗಿದ್ದಳು. ಜೋಳ ಕೇರುವ ಸದ್ದು. ಮಾಸ್ಕಿನ ಮೇಲೆ ಆಕೆಯ ಕಣ್ಣುಗಳು ನಗುತ್ತ ಸಣ್ಣಗಾದವು. ಎಲುಬು ಉಳಿಯಿತು. ಕತ್ತರಿಸಿದ ಅಂಚಿನಲ್ಲಿ ಗಡ್ಡೆಯ ಅಂಶ ಇಲ್ಲ ಎಂಬ ರಿಪೋರ್ಟೂ ಕೆಲವು ದಿನಗಳಲ್ಲಿ ಬಂತು. ಆನಂದ ಅದನ್ನು ಓದಿ ಹೇಳಿದಾಗ ತಲೆಯಾಡಿಸಿದೆ. ಬಸ್ಸು ಬಂತು ಅಂದರೆ ತಲೆಯಾಡಿಸುವ ಹಾಗೆ.

ಕುತ್ತಿಗೆಯ ನಳಿಕೆ ತೆಗೆದ ಮೇಲೆ ನನ್ನ ಮೊದಲ ಮಾತು "ನೀರು". ಅದು "ನೀಉ" ಎಂದು ಹೊರಬಂತು. ಅವ್ವನಿಗೆ ಅರ್ಥವಾಯಿತು.

ಮೊದಲ ಹೆಜ್ಜೆಗೆ ಇಬ್ಬರು ಹಿಡಿದುಕೊಂಡಿದ್ದರು. ಬಲಗಾಲು ನೆಲ ಮುಟ್ಟಿದ್ದು ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು. ಹೆಬ್ಬೆರಳು ಮಡಚಲು ಹೇಳಿದರೆ ಅದು ಕೇಳುತ್ತಿರಲಿಲ್ಲ. ಹರಡು ಊದಿಕೊಳ್ಳುತ್ತಿತ್ತು. ಆದರೂ ಮೈ ಭಾರ ನಿಂತಿತು. ಬಾಗಿಲ ತನಕ ಹೋಗಿ ಬಂದೆ. ಅಂದು ಆನಂದ ಮಂಚದ ಪಕ್ಕ ಕುಳಿತು ಹೇಳಿದರು.

"ನಿನ್ನ ಎರಡನೇ ಸಲ ಒಳಗ ಒಯ್ದಾಗ ನನಗೇನೂ ಅನಿಸಲಿಲ್ಲ ಸುಜಾ. ಹೊರಗ ಚಾ ಕುಡ್ದೆ. ಪೇಪರ್ ಓದಿದೆ. ಆಮ್ಯಾಲ ಅಂಜಿಕಿ ಬಂತು. ಯಾಕ ಅಂದ್ರ, ಏನೂ ಅನಸವಲ್ದಲ್ಲ ಅಂತ."

"ನಂಗೂ," ಎಂದೆ.

ಇಬ್ಬರೂ ಅದರ ಬಗ್ಗೆ ಮತ್ತೆ ಮಾತಾಡಿಲ್ಲ. ಆದರೆ ಒಂಟಿ ಅನಿಸುವುದು ಅಂದಿನಿಂದ ಕಡಿಮೆಯಾಯಿತು.

ಕೆಲವು ತಿಂಗಳು ಮಸ್ಕಿಯಲ್ಲೇ ಇದ್ದೆ. ಅವ್ವ ಅಂಬಲಿ ಕಾಸುತ್ತಿದ್ದಳು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕಿವುಚಿ ಕೊಡುತ್ತಿದ್ದಳು. ಬಾಯಿಯೊಳಗಿನ ಚರ್ಮ ಕಾಲಿನದೇ ಆಗಿ ಉಳಿದಿದೆ, ಒಣಗಿರುತ್ತದೆ, ಅದಕ್ಕೆ ರುಚಿಯಿಲ್ಲ. ಒಂದು ದಿನ ನಾಲಿಗೆಗೆ ಏನೋ ಚುಚ್ಚಿತು. ಕನ್ನಡಿಯಲ್ಲಿ ನೋಡಿದರೆ ಕೂದಲು. ಕಾಲಿನ ಮೇಲೆ ಬೆಳೆಯುವಂತೆಯೇ ಬಾಯಿಯಲ್ಲಿ ಬೆಳೆದಿತ್ತು. ಅವ್ವನಿಗೆ ತೋರಿಸಿದೆ. ಇಣುಕಿ ನೋಡಿದಳು, ಬೆಚ್ಚಿ ಹಿಂದೆ ಸರಿದಳು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನನಗೂ ನಗು ಬಂತು. ಸೊಟ್ಟಗೆ, ಎಡಗಡೆ ಮಾತ್ರ. ಅಷ್ಟು ದಿನಗಳಲ್ಲಿ ನನಗೆ ತಾನಾಗಿ ಬಂದ ಮೊದಲ ಭಾವ ಅದು. ನಗುತ್ತ ನಗುತ್ತ ಅಳುವೂ ಬಂತು. ಅವ್ವ ತಡೆಯಲಿಲ್ಲ.

ಗದ್ದಕ್ಕೆ ಇನ್ನೂ ಏನೂ ತಿಳಿಯುವುದಿಲ್ಲ. ಅನ್ನದ ಅಗುಳು ಅಂಟಿದ್ದರೂ, ಚಹಾ ಇಳಿದಿದ್ದರೂ ಗೊತ್ತಾಗುವುದಿಲ್ಲ. ಈ ಜೋಮು ಸ್ವಲ್ಪ ಕಡಿಮೆಯಾಗಬಹುದು, ಹೀಗೇ ಉಳಿಯಲೂಬಹುದು ಎಂದಿದ್ದಾರೆ ಡಾಕ್ಟರಮ್ಮ. ಹಲ್ಲು ಕಟ್ಟಿಸುವುದು ಬಾಕಿಯಿದೆ. ತಣ್ಣನೆಯ ದಿನ ಹರಡು ಬಿಗಿಯುತ್ತದೆ.

ಮೊದಲು ಡಿಪೋದಲ್ಲಿ ಕೂರುವ ಕೆಲಸ ಕೊಟ್ಟರು. ನಾನೇ ಕೇಳಿಕೊಂಡು ಮತ್ತೆ ರೂಟಿಗೆ ಬಂದೆ. ತುಟಿ ಬಿಗಿಯುವುದಿಲ್ಲವಾದ್ದರಿಂದ ಸೀಟಿ ಊದಲು ಆಗುವುದಿಲ್ಲ. ಬಸ್ಸಿನ ತಗಡಿಗೆ ಕೈಯಿಂದ ಬಡಿಯುತ್ತೇನೆ. ಊರ ಹೆಸರು ಪೂರ್ತಿ ಸ್ಪಷ್ಟವಾಗಿ ಬರುವುದಿಲ್ಲ, ಜನಕ್ಕೆ ಅರ್ಥವಾಗುತ್ತದೆ.

ಕಳೆದ ವಾರ ಮಸ್ಕಿಯ ಸಂತೆ ಮುಗಿಸಿದ ಒಬ್ಬ ಮುದುಕಿ ಲಿಂಗಸುಗೂರಿನ ಕಡೆಗೆ ಹತ್ತಿದಳು. ಹೆಂಗಸರ ಉಚಿತ ಟಿಕೆಟಿಗೆ ಆಧಾರ್ ಕಾರ್ಡ್ ತೆಗೆದು ಹಿಡಿದವಳು ನನ್ನ ಮುಖವನ್ನೇ ನೋಡಿದಳು. ಹಾಗೆ ನೋಡುವವರಿಂದ ನಾನು ಸಾಮಾನ್ಯವಾಗಿ ಮುಖ ತಿರುಗಿಸುತ್ತೇನೆ. ಈಕೆ ನೇರವಾಗಿ ಕೇಳಿಬಿಟ್ಟಳು.

"ಏನಾಗೈತಿ ಯವ್ವಾ ದವಡಿಗೆ?"

"ಗಡ್ಡಿ ಆಗಿತ್ತಮ್ಮ. ದವಡಿ ತೆಗೆದು ಕಾಲಾಗಿನ ಎಲುಬು ಹಾಕ್ಯಾರ."

"ಯಾವ ಕಾಲು?"

ಇದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಎಲ್ಲರೂ ಮುಖದ ಬಗ್ಗೆಯೇ ಕೇಳುತ್ತಿದ್ದರು.

"ಬಲಗಾಲು."

ಆಕೆ ಬಗ್ಗಿ ನನ್ನ ಕಾಲು ನೋಡಿದಳು. ತೊಡೆಯ ಮೇಲಿದ್ದ ಕೈಚೀಲವನ್ನು ಕೆಳಗಿಟ್ಟಳು. ಕಿಟಕಿಯ ಕಡೆಗೆ ಸರಿದು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದಳು.

"ಹಂಗಾದ್ರ ನಿಂತು ಏನು ಮಾಡ್ತಿ? ಕುಂದ್ರು. ಟಿಕೆಟ್ ಎಲ್ಲಿಗೂ ಓಡಿ ಹೋಗಂಗಿಲ್ಲ."

ನಿಂತ ಜನ ಇನ್ನೂ ಇದ್ದರು. ಹಿಂದೆ ಯಾರೋ ಟಿಕೆಟ್ ಕೇಳುತ್ತಿದ್ದರು. ನಾನು ಕುಳಿತೆ. ಮುಂದಿನ ಸ್ಟಾಪು ಬರುವ ತನಕ.